ಕೊನೆಯ ಹದಿನೈದು ನಿಮಿಷ

ಮಂಗಳವಾರ ಮಗಳು ಮಧ್ಯಾಹ್ನ ಎರಡು ಗಂಟೆಗೇ ಮನೆಗೆ ಬಂದಳು. ಅವಳ ಪಾಳಿ ಮುಗಿಯುವುದು ಸಂಜೆ ಆರಕ್ಕೆ. ಹಜಾರದ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಸೊಸೆ ಕಾಲು ನಿಲ್ಲಿಸಿ, "ಏನಮ್ಮ, ಇಷ್ಟು ಬೇಗ?" ಎಂದಳು. ಮಗಳು ತನ್ನ ಕೋಣೆಗೆ ಹೋಗಿ, ಹೆಗಲಿನ ಚೀಲವನ್ನೂ ಇಳಿಸದೆ ಮಂಚದ ಮೇಲೆ ಕುಳಿತಳು. ಹಿಂದೆಯೇ ಅವಳ ಮೇಲಧಿಕಾರಿಯ ಫೋನು ಬಂತು.

ಮಗಳು ಆಂಬ್ಯುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕರೆ ತೆಗೆದುಕೊಳ್ಳುವವಳು. ಹನ್ನೊಂದು ವರ್ಷದಿಂದ ಅದೇ ಕೆಲಸ. ಫೋನು ಬಂದರೆ ಎಲ್ಲಿ, ಯಾರಿಗೆ, ಉಸಿರಾಡುತ್ತಿದ್ದಾರೆಯೇ ಎಂದು ಕೇಳಬೇಕು; ಗಾಡಿ ಕಳಿಸಬೇಕು; ಗಾಡಿ ಬಾಗಿಲು ಮುಟ್ಟುವವರೆಗೆ ಆ ಕಡೆಯವರ ಜೊತೆ ಮಾತಾಡುತ್ತಿರಬೇಕು. ಮುಟ್ಟಿದ ಕೂಡಲೇ ಆ ಕರೆ ಮುಗಿಯಿತು, ಮುಂದಿನದು ಬಂತು. ಹೀಗೆ ದಿನಕ್ಕೆ ತೊಂಬತ್ತು.

ಆ ದಿನ ಯಾರೋ ಮುದುಕರು ಫೋನು ಮಾಡಿ, ಹೆಂಡತಿ ಅಡುಗೆಮನೆಯಲ್ಲಿ ಬಿದ್ದಿದ್ದಾಳೆ ಎಂದರಂತೆ. ಬಿದ್ದು ಎಷ್ಟು ಹೊತ್ತಾಯಿತು ಎಂದು ಇವಳು ಕೇಳಿದಳು. ಈಗ ತಾನೇ ಎಂದರು. "ತಕ್ಷಣ ಫೋನ್ ಮಾಡಿದ್ರಲ್ಲ, ಒಳ್ಳೇದು ಮಾಡಿದ್ರಿ" ಎಂದಳು. ಆಮೇಲೆಯೂ ಅದನ್ನೇ ಅಂದಳು. ಒಳ್ಳೇದು ಮಾಡಿದ್ರಿ, ಒಳ್ಳೇದು ಮಾಡಿದ್ರಿ ಎಂದು ಅನ್ನುತ್ತಲೇ ಇದ್ದಳೇ ಹೊರತು ವಿಳಾಸ ಕೇಳಲಿಲ್ಲ. ಮೇಲಧಿಕಾರಿ ಓಡಿ ಬಂದು ಅವಳ ಕಿವಿಯಿಂದ ಹೆಡ್‌ಫೋನು ಕಿತ್ತುಕೊಂಡು ತಾನೇ ವಿಳಾಸ ಕೇಳಿ ಗಾಡಿ ಕಳಿಸಿದಳು.

"ಆರು ವಾರ ರಜೆ ಹಾಕಿಸಿದೀನಿ. ಏಳನೇ ವಾರ ಬಂದು ಕುರ್ಚಿ ಮೇಲೆ ಕೂರಬೇಕು. ಆಗದಿದ್ರೆ ಕುರ್ಚಿ ಬೇರೆಯವರಿಗೆ ಹೋಗುತ್ತೆ. ನನ್ನ ಕೈಲಿ ಇಷ್ಟೇ ಆಗೋದು, ತಪ್ಪು ತಿಳ್ಕೋಬೇಡಿ," ಎಂದಳು ಮೇಲಧಿಕಾರಿ ಫೋನಿನಲ್ಲಿ.

ಫೋನನ್ನು ಹಿಡಿದುಕೊಂಡಿದ್ದವರು ಅಪ್ಪ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಂಗಡಿಗಳ ತಕ್ಕಡಿ ಪರೀಕ್ಷಿಸುವ ಕೆಲಸ ಮಾಡಿ ನಿವೃತ್ತರಾದವರು. ನಿವೃತ್ತಿಯಾಗಿ ಏಳು ವರ್ಷವಾದರೂ ಬೀದಿಯವರಿಗೆಲ್ಲ ಅವರು ಇನ್‌ಸ್ಪೆಕ್ಟರೇ. ಮೇಲಧಿಕಾರಿ ಹೇಳಿದ್ದನ್ನು ಅವರು ಸೊಸೆಗೆ ಹೇಳಿದರು. ಆ ಮುದುಕರ ಮಾತನ್ನು ಮಾತ್ರ ಬಿಟ್ಟರು.

ಬಿಡಲು ಕಾರಣವಿತ್ತು. ಎಂಟು ತಿಂಗಳ ಹಿಂದೆ ಅವರ ಹೆಂಡತಿಯೂ ಹಾಗೆಯೇ ಬಿದ್ದಿದ್ದರು, ಅಡುಗೆಮನೆಯಲ್ಲಲ್ಲ, ಬಟ್ಟೆ ಒಣಹಾಕುವ ತಾರಸಿಯಲ್ಲಿ. ಮನೆಯಲ್ಲಿ ಇನ್‌ಸ್ಪೆಕ್ಟರೊಬ್ಬರೇ ಇದ್ದರು. ಊರಿನ ಮಕ್ಕಳಿಗೂ ಬಾಯಿಪಾಠವಿರುವ ಆಂಬ್ಯುಲೆನ್ಸ್ ನಂಬರು ಅವರಿಗೆ ನೆನಪಾಗಲಿಲ್ಲ. ನೆನಪಾದದ್ದು ಮಗಳು. ಆಂಬ್ಯುಲೆನ್ಸ್ ಕಳಿಸುವವಳು ತನ್ನ ಮಗಳೇ ಅಲ್ಲವೇ ಎಂದು ಅವಳ ಮೊಬೈಲಿಗೆ ಮಾಡಿದರು. ಪಾಳಿಯ ಹೊತ್ತಿನಲ್ಲಿ ಕಂಟ್ರೋಲ್ ರೂಮಿನವರೆಲ್ಲರ ಮೊಬೈಲುಗಳು ಲಾಕರಿನಲ್ಲಿರುತ್ತವೆ. ಒಂಬತ್ತು ಸಲ ಮಾಡಿದರು. ಬೇಕರಿಯಿಂದ ಊಟಕ್ಕೆ ಬಂದ ಮಗ ತಾರಸಿಗೆ ಹತ್ತಿ ನೋಡಿ ಸರಿಯಾದ ನಂಬರಿಗೆ ಮಾಡುವ ಹೊತ್ತಿಗೆ ಇಪ್ಪತ್ತು ನಿಮಿಷ ಹೋಗಿತ್ತು. ಆ ಕರೆ ಹೊಸದಾಗಿ ಸೇರಿದ್ದ ಯಾರೋ ಹುಡುಗಿಗೆ ಹೋಯಿತು. ಮಗಳು ಪಾಳಿ ಮುಗಿಸಿ ಲಾಕರು ತೆಗೆದಾಗ ಅಪ್ಪನ ಒಂಬತ್ತು ಕರೆಗಳನ್ನು ನೋಡಿದಳು. ಈ ಮಾತನ್ನು ಮನೆಯಲ್ಲಿ ಯಾರೂ ಒಮ್ಮೆಯೂ ಎತ್ತಿರಲಿಲ್ಲ. ತಾಯಿ ತೀರಿಕೊಂಡು ಹನ್ನೆರಡು ದಿನ ಕಳೆದು ಮಗಳು ಮತ್ತೆ ಕೆಲಸಕ್ಕೆ ಹೋಗಿದ್ದಳು. ಇನ್‌ಸ್ಪೆಕ್ಟರು ಬೆಳಗಿನ ಪ್ರಾರ್ಥನೆಯನ್ನು ಬಿಟ್ಟಿರಲಿಲ್ಲ. ಆದರೆ ದೇವರ ಮುಂದೆ ಕೂತರೆ ಏನನ್ನಾದರೂ ಬೇಡಿಕೊಳ್ಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ.

ಡಾಕ್ಟರು ಮಗಳನ್ನು ನೋಡಿ, ರಕ್ತ ಚೆನ್ನಾಗಿದೆ, ಹೃದಯ ಚೆನ್ನಾಗಿದೆ, ದಣಿವು ಒಳಗಿನದು ಎಂದರು. ನಿದ್ದೆಗೆ ಒಂದು ಮಾತ್ರೆ ಬರೆದುಕೊಟ್ಟು, "ಕೆಲಸದ ಆಚೆ ನಿಮಗೆ ಖುಷಿ ಕೊಡೋದು ಏನಾದ್ರೂ ಇದೆಯಾ? ಅದನ್ನ ಮಾಡಿ" ಎಂದರು.

ಮನೆಯವರು ಇದನ್ನೂ ಮಾತ್ರೆಯಂತೆಯೇ ತಿಳಿದರು. ಒಂದೇ ವಾರದಲ್ಲಿ ಮನೆಗೆ ಬಣ್ಣದ ಡಬ್ಬಿ ಬಂತು, ಎರಡು ಬ್ಯಾಡ್ಮಿಂಟನ್ ಬ್ಯಾಟು ಬಂದವು, ಒಂದು ಮೌತ್ ಆರ್ಗನ್ನೂ ಬಂತು. ಮೌತ್ ಆರ್ಗನ್ನನ್ನು ಮಗನೇ ಊದಿದ.

"ಕಂಟ್ರೋಲು, ಕೇಳಿಸ್ಕೊಳೇ," ಎಂದು ತಂಗಿಯನ್ನು ಕರೆದ. ಅವಳು ಕೆಲಸಕ್ಕೆ ಸೇರಿದ ದಿನದಿಂದ ಅವನು ಕರೆಯುವುದು ಹಾಗೆಯೇ.

"ಅಣ್ಣ, ಯಾರಿಗೋ ಉಸಿರು ಸಿಕ್ಕಿಹಾಕ್ಕೊಂಡ ಹಾಗಿದೆ."

ಎಲ್ಲರೂ ನಕ್ಕರು. ಅವಳ ಮುಖದಲ್ಲಿ ಮಾತ್ರ ನಗುವಿರಲಿಲ್ಲ; ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ಅಷ್ಟೇ.

ಎರಡನೆಯ ವಾರ ಅವಳು ತಾನಾಗಿಯೇ ಹಜಾರಕ್ಕೆ ಬಂದು ಟಿವಿ ಹಾಕಿದಳು. ಅವಳಿಗೂ ತಾಯಿಗೂ ಪ್ರೇಮದ ಸಿನಿಮಾಗಳೆಂದರೆ ಪ್ರಾಣ. ವಾರದ ರಜೆಯ ದಿನ ಇಬ್ಬರೂ ತಟ್ಟೆಯಲ್ಲಿ ಹುರಿದ ಕಡಲೆ ಇಟ್ಟುಕೊಂಡು ನೋಡುತ್ತ ಕೂತರೆ ಸಂಜೆಯ ಟೀ ಮರೆಯುತ್ತಿದ್ದರು. ಇನ್‌ಸ್ಪೆಕ್ಟರು ಆಗೆಲ್ಲ ಪತ್ರಿಕೆ ಹಿಡಿದು ಹೊರಗಿನ ಕಟ್ಟೆಗೆ ಹೋಗಿ ಕೂರುವರು. "ದುಡ್ಡು ಕೊಟ್ಟು ಅಳೋರನ್ನ ನಿಮ್ಮಿಬ್ಬರನ್ನೇ ನೋಡಿದ್ದು" ಎಂದು ಹೆಂಡತಿಯನ್ನು ಛೇಡಿಸುವರು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಒಂದು ದಿನವೂ ಆಕೆಯ ಪಕ್ಕ ಕೂತು ಒಂದು ಸಿನಿಮಾ ನೋಡಿರಲಿಲ್ಲ.

ಟಿವಿ ಹಾಕಿದ್ದನ್ನು ಕಂಡು ಸೊಸೆಗೆ ಸಂತೋಷವಾಯಿತು. ಸಂತೋಷ ಎರಡೇ ದಿನ ಉಳಿಯಿತು. ಮಗಳು ಸಿನಿಮಾ ಹಾಕುತ್ತಾಳೆ, ಮುಂದಕ್ಕೆ ಓಡಿಸುತ್ತಾಳೆ, ಕೊನೆಯ ಹದಿನೈದು ನಿಮಿಷಕ್ಕೆ ತಂದು ನಿಲ್ಲಿಸುತ್ತಾಳೆ. ಅಷ್ಟನ್ನು ನೋಡುತ್ತಾಳೆ. ಮುಗಿದೊಡನೆ ಮತ್ತೊಂದು ಸಿನಿಮಾ, ಅದರದ್ದೂ ಕೊನೆ. ಬೆಳಗ್ಗೆ ಹತ್ತಕ್ಕೆ ಕೂತರೆ ಊಟದ ಹೊತ್ತಿಗೆ ಏಳೆಂಟು ಆಗುತ್ತಿತ್ತು.

ಸೊಸೆಯ ಕೈಯಲ್ಲಿ ಒಂದು ಶಾಲೆಯ ಅರವತ್ತು ಜೊತೆ ಸಮವಸ್ತ್ರ ಹೊಲಿಯುವ ಕೆಲಸವಿತ್ತು. ಶುಕ್ರವಾರ ಊಟಕ್ಕೆ ಕೂತಾಗ ಅವಳಿಗೆ ತಡೆಯಲಾಗಲಿಲ್ಲ.

"ಮಾವ, ಬೆಳಗ್ಗಿಂದ ನಾಲ್ಕು ಜೋಡಿ ಸೇರಿದ್ದಾಯ್ತು. ಐದನೇದು ಇನ್ನೂ ಸ್ಟೇಷನ್ನಲ್ಲಿ ಓಡ್ತಾ ಇದೆ. ಆ ಪಿಟೀಲು ಕೇಳಿ ಕೇಳಿ ನಾನು ಕಾಲರು ತಿರುಗಾಮುರುಗಾ ಹೊಲಿದುಬಿಟ್ಟೆ."

"ಸೌಂಡ್ ಕಮ್ಮಿ ಮಾಡ್ತೀನಿ ಅತ್ತಿಗೆ."

"ಸೌಂಡಿನ ಮಾತಲ್ಲಮ್ಮ. ಮೊದಲಿಂದ ನೋಡಿದ್ರೆ ಒಂದಾದ್ರೂ ಅರ್ಥ ಆಗುತ್ತೆ. ಇದೇನು, ಊರಿನವರ ಮದುವೆಗೆಲ್ಲ ತಾಳಿ ಕಟ್ಟೋ ಹೊತ್ತಿಗೆ ನುಗ್ಗಿದ ಹಾಗೆ!"

ಮಗ ತಟ್ಟೆಯಿಂದ ತಲೆ ಎತ್ತಿದ. ಬೆಳಗಿನ ಮೂರಕ್ಕೆ ಎದ್ದು ಒಲೆಯ ಮುಂದೆ ನಿಂತು ಬಂದವನು. "ನೀನು ಖುಷಿಯಾಗಿರೋಕೆ ಪ್ರಯತ್ನಾನೇ ಮಾಡ್ತಿಲ್ಲ. ಬಣ್ಣದ ಡಬ್ಬಿ ಮುಚ್ಚಳ ತೆಗೆದಿಲ್ಲ. ಬ್ಯಾಟು ಕವರಿಂದ ಆಚೆ ಬಂದಿಲ್ಲ."

"ಮಾಡ್ತಾನೇ ಇದೀನಿ ಅಣ್ಣ. ಹತ್ತು ಗಂಟೆಗೆ ಕೂರ್ತೀನಿ, ಒಂದಕ್ಕೆ ಏಳ್ತೀನಿ. ಎರಡಕ್ಕೆ ಕೂರ್ತೀನಿ. ಪಾಳಿ ಹಾಕ್ಕೊಂಡು ಪ್ರಯತ್ನ ಮಾಡ್ತಿದೀನಿ. ಇನ್ನೇನು ಮಾಡ್ಲಿ ಹೇಳು."

ಇನ್‌ಸ್ಪೆಕ್ಟರು ಮೆಲ್ಲಗೆ, "ಮೊದಲಿಂದ ಯಾಕೆ ನೋಡಲ್ಲಮ್ಮ?" ಎಂದರು.

"ಮೊದಲ ಭಾಗ ನನಗೆ ಬೇಡ ಅಪ್ಪ. ದಿನಕ್ಕೆ ತೊಂಬತ್ತು ಕತೆಯ ಶುರು ಕೇಳ್ತೀನಿ. ಗಾಡಿ ಬಾಗಿಲಿಗೆ ಬಂತು ಅಂದ್ರೆ ಲೈನ್ ಕಟ್. ಬದುಕಿದ್ರಾ, ಮಗು ಹುಟ್ಟಿತಾ, ಒಂದೂ ಗೊತ್ತಾಗಲ್ಲ. ಹನ್ನೊಂದು ವರ್ಷದಿಂದ ಒಂದೂ ಗೊತ್ತಿಲ್ಲ." ಅವಳು ನೀರು ಕುಡಿದಳು. "ಏನಾಯ್ತು ಅಂತ ನೋಡಿದ್ರೆ ಸಾಕು ನನಗೆ."

ಮರುದಿನ ಇನ್‌ಸ್ಪೆಕ್ಟರು ಪತ್ರಿಕೆಯನ್ನು ಮಡಚಿಟ್ಟು ಅವಳ ಪಕ್ಕ ಕೂತರು. ಹದಿನೈದು ನಿಮಿಷವಾದ ಮೇಲೆ ಅವರಿಗೆ ಅರ್ಥವಾದದ್ದು, ಯಾರೋ ಹುಡುಗಿ ಯಾರೋ ಹುಡುಗನನ್ನು ಕ್ಷಮಿಸಿದಳು ಎಂದಷ್ಟೇ. ಏಕೆ ಕ್ಷಮಿಸಿದಳು, ಅವನು ಮಾಡಿದ ತಪ್ಪೇನು? ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡದೆ ತೂಕ ಓದಿದವರಲ್ಲ ಅವರು. ಮಗಳಿಗೆ ಮೊದಲ ಭಾಗ ಬೇಡವಾದರೆ ಬೇಡ, ತಾವು ನೋಡಿ ಹೇಳಬಹುದಲ್ಲ ಎನಿಸಿತು. ಸೊಸೆಯಿಂದ ಟಿವಿಯ ಗುಂಡಿಗಳನ್ನು ಕಲಿತರು. ಬೆಳಗ್ಗೆ ಪ್ರಾರ್ಥನೆ ಮುಗಿಸಿ, ಮಗಳು ಏಳುವ ಮೊದಲೇ ಒಂದು ಸಿನಿಮಾ ಹಾಕಿ, ಮುಕ್ಕಾಲು ಭಾಗಕ್ಕೆ ನಿಲ್ಲಿಸುವರು. ಊಟದ ಹೊತ್ತಿಗೆ ಅಷ್ಟನ್ನೂ ಮಗಳಿಗೆ ಹೇಳುವರು. ಊಟವಾದ ಮೇಲೆ ಇಬ್ಬರೂ ಸೇರಿ ಕೊನೆ ನೋಡುವರು.

ಅವರು ಕತೆ ಹೇಳುವ ರೀತಿಯೇ ಬೇರೆ.

"ಹುಡುಗಿ ಹೂವಿನ ಅಂಗಡಿ ಇಟ್ಟಿರ್ತಾಳೆ. ಲೈಸೆನ್ಸ್ ಎಲ್ಲೂ ತೂಗುಹಾಕಿಲ್ಲ. ಹುಡುಗ ದಿನಾ ಬಂದು ಒಂದೇ ಹೂ ತಗೋತಾನೆ."

"ಹುಡುಗ ಏನು ಕೆಲಸ ಮಾಡ್ತಾನೆ ಮಾವ?" ಸೊಸೆ ಅನ್ನ ಬಡಿಸುತ್ತ ಕೇಳಿದಳು.

"ಅದೇ ನನಗೂ ತಿಳೀಲಿಲ್ಲ. ಬೆಳಗ್ಗೆ ಹನ್ನೊಂದಕ್ಕೂ ರಸ್ತೆಯಲ್ಲೇ ಇರ್ತಾನೆ, ಮಧ್ಯಾಹ್ನ ಮೂರಕ್ಕೂ ರಸ್ತೆಯಲ್ಲೇ ಇರ್ತಾನೆ. ಸಂಬಳ ಕೊಡೋ ಪುಣ್ಯಾತ್ಮ ಯಾರೋ!"

"ಸಿನಿಮಾದಲ್ಲಿ ಪ್ರೀತಿ ಮಾಡೋರಿಗೆ ಯಾರಿಗೂ ಪಾಳಿ ಇರಲ್ಲ ಅಪ್ಪ," ಎಂದಳು ಮಗಳು. "ಅಮ್ಮನೂ ಇದನ್ನೇ ಹೇಳ್ತಿದ್ಲು. ಇವರ ಮನೇಲಿ ಪಾತ್ರೆ ಯಾರು ತೊಳೀತಾರೆ ಅಂತ."

ತಾಯಿ ಹೋದ ಮೇಲೆ ಅವಳ ಬಾಯಲ್ಲಿ ಅಮ್ಮ ಎಂಬ ಮಾತು ಬಂದದ್ದು ಅದೇ ಮೊದಲು. ಆ ದಿನ ಇನ್ನೊಂದು ಸೌಟು ಅನ್ನ ಹಾಕಿಸಿಕೊಂಡಳು. ಸೊಸೆ ರಾತ್ರಿ ಗಂಡನಿಗೆ ಇದನ್ನೇ ದೊಡ್ಡ ಸುದ್ದಿಯಂತೆ ಹೇಳಿದಳು.

ಮೂರನೆಯ ವಾರವೂ ಹೀಗೆಯೇ ನಡೆಯಿತು. ಮನೆಯವರಿಗೆ ಸ್ವಲ್ಪ ಧೈರ್ಯ ಬಂತು. ಆದರೆ ಬದಲಾದವರು ಇನ್‌ಸ್ಪೆಕ್ಟರು. ಹಲ್ಲುಜ್ಜುವಾಗ ಅವರು ಏನೋ ಗುನುಗುತ್ತಿದ್ದರು. ತರಕಾರಿ ತರಲು ಹೋದವರು ಹೂವಿನ ಅಂಗಡಿಯ ಮುಂದೆ ಸುಮ್ಮನೆ ನಿಂತು ಬಂದರು. ಒಂದು ಬೆಳಗ್ಗೆ ಪ್ರಾರ್ಥನೆಯ ನಡುವೆ, ತಡೆಯಲಾರದೆ ಹಿಂದಿನ ರಾತ್ರಿಯೇ ಹಾಕಿ ನಿಲ್ಲಿಸಿದ್ದ ಸಿನಿಮಾದಲ್ಲಿ ಹುಡುಗ ಬರೆದ ಕಾಗದ ಹುಡುಗಿಯ ಕೈ ಸೇರಿತೋ ಇಲ್ಲವೋ ಎಂಬ ಯೋಚನೆ ಬಂದು, ಗಾಬರಿಯಾಗಿ ಪ್ರಾರ್ಥನೆಯನ್ನು ಮೊದಲಿನಿಂದ ಹೇಳತೊಡಗಿದರು. ಔಷಧ ಮಗಳಿಗೆಂದು ತಂದದ್ದು. ಗುಣ ತಮಗೆ ಹತ್ತುತ್ತಿದೆ ಎಂದು ಅವರಿಗೆ ಗೊತ್ತಾಗಿತ್ತು. ಹೆಂಡತಿ ಇದ್ದಾಗ ಕೂರದವನು ಈಗ ಕೂತು ನಗುತ್ತಿದ್ದೇನಲ್ಲ ಎಂದು ನಾಚಿಕೆಪಟ್ಟರು. ಯಾರಿಗೆ ಹೇಳುವುದು?

ನಾಲ್ಕನೆಯ ವಾರ ಬುಧವಾರ ಊಟಕ್ಕೆ ಅಪ್ಪ ಮಗಳು ಇಬ್ಬರೇ ಇದ್ದರು. ಸೊಸೆ ಸಮವಸ್ತ್ರ ಒಪ್ಪಿಸಲು ಶಾಲೆಗೆ ಹೋಗಿದ್ದಳು. ಇನ್‌ಸ್ಪೆಕ್ಟರು ಆ ದಿನದ ಸಿನಿಮಾ ಹೇಳುತ್ತಿದ್ದರು.

"ಹಾಗೆ ಜಗಳ ಆಡಿ ಹುಡುಗ ಹೊರಟು ಹೋಗ್ತಾನೆ. ಇತ್ತ ಹುಡುಗಿಯ ತಾಯಿ ಮೆಟ್ಟಿಲ ಮೇಲೆ ಕುಸಿದು ಬೀಳ್ತಾರೆ. ಆಗ ಅವರ ಯಜಮಾನರು ಫೋನ್..."

ಅಲ್ಲಿಗೆ ಮಾತು ನಿಂತಿತು. ಮುಂದೇನು ಬರುತ್ತದೆಂದು ಬೆಳಗ್ಗೆಯೇ ನೋಡಿದ್ದರು. ಅದನ್ನು ಹಾರಿಸಿ ಹೇಳಬೇಕೆಂದೂ ಎಣಿಸಿದ್ದರು. ಕತೆಯ ಭರದಲ್ಲಿ ಮರೆತರು.

ಮಗಳು ಕೈಯಲ್ಲಿದ್ದ ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲಿಟ್ಟಳು. "ಯಾರಿಗೆ ಮಾಡ್ತಾರೆ ಅಪ್ಪ?"

"ಬಿಡಮ್ಮ. ಚೆನ್ನಾಗಿಲ್ಲ ಈ ಸಿನಿಮಾ."

"ನೀವು ನನಗ್ಯಾಕೆ ಮಾಡಿದ್ರಿ?"

ಇನ್‌ಸ್ಪೆಕ್ಟರು ತಲೆ ತಗ್ಗಿಸಿದರು. "ನೀನೇ ಆಂಬ್ಯುಲೆನ್ಸು ಅಂದ್ಕೊಂಡೆ ಕಣಮ್ಮ. ಬೇರೆ ನಂಬರು ಇದೆ ಅನ್ನೋದೇ ಹೊಳೀಲಿಲ್ಲ."

"ಒಂದು ಸಲ ಎತ್ತಲಿಲ್ಲ. ಎರಡು ಸಲ ಎತ್ತಲಿಲ್ಲ. ಒಂಬತ್ತು ಸಲ ಅಪ್ಪ!"

"ಈಗ ಎತ್ತುತ್ತಾಳೆ, ಈಗ ಎತ್ತುತ್ತಾಳೆ ಅಂತ."

"ಫೋನು ಲಾಕರಲ್ಲಿರುತ್ತೆ ಅಂತ ನಿಮಗೆ ನಾನು ಹೇಳಿರಲಿಲ್ವಾ? ಹೇಳಿದ್ನೋ ಇಲ್ವೋ? ಎಂಟು ತಿಂಗಳಿಂದ ಅದನ್ನೇ ಯೋಚಿಸ್ತಾ ಇದೀನಿ. ಹೇಳಿದ್ದೆ ಅಂದ್ರೆ ತಪ್ಪು ನಿಮ್ಮದು. ಹೇಳಿಲ್ಲ ಅಂದ್ರೆ ನನ್ನದು. ನನಗೆ ನೆನಪೇ ಇಲ್ಲ." ಅವಳ ದನಿ ಏರಿತು. "ಯಾರೋ ಮುದುಕರು ಫೋನ್ ಮಾಡ್ತಾರೆ. ಸರಿಯಾದ ನಂಬರಿಗೆ ಮಾಡಿದಾರಲ್ಲ ಅಂತ ಹೊಟ್ಟೆ ಉರಿಯುತ್ತೆ ನನಗೆ. ಅವರ ಹೆಂಡತಿ ಬಿದ್ದಿರ್ತಾರೆ, ನಾನು ಕೂತು ಹೊಟ್ಟೆಕಿಚ್ಚು ಪಡ್ತೀನಿ. ಇದನ್ನ ಯಾವ ಡಾಕ್ಟರಿಗೆ ಹೇಳ್ಲಿ?"

"ಬೈದುಬಿಡು ನನ್ನ. ಅವತ್ತೇ ಬೈಬೇಕಿತ್ತು ನೀನು."

"ಬೈದ್ರೆ?"

"ಅವತ್ತು ಆಸ್ಪತ್ರೆಯಲ್ಲಿ ನಾನು ಕೇಳಿದೆ," ಎಂದರು. "ಇಪ್ಪತ್ತು ನಿಮಿಷ ಮುಂಚೆ ಬಂದಿದ್ರೆ ಅಂತ."

"ಏನಂದ್ರು?"

"ಹೇಳೋಕಾಗಲ್ಲ ಅಂದ್ರು."

"ಅಷ್ಟೇನಾ?" ಎಂದಳು. "ಅಷ್ಟೇ," ಎಂದರು. ಅವಳು ಎದ್ದು ಇಬ್ಬರ ತಟ್ಟೆಗಳನ್ನೂ ತೆಗೆದುಕೊಂಡು ಹೋಗಿ ತೊಳೆದಳು. ಒಂದೇ ತಟ್ಟೆಯನ್ನು ಮೂರು ಸಲ ತೊಳೆದಳು. ಇನ್‌ಸ್ಪೆಕ್ಟರು ನಲ್ಲಿಯ ಸದ್ದು ಕೇಳುತ್ತ ಎಂಜಲು ಕೈಯಲ್ಲೇ ಕೂತಿದ್ದರು. ಆ ದಿನ ಯಾರೂ ಕೊನೆ ನೋಡಲಿಲ್ಲ.

ಐದನೆಯ ವಾರ ಟಿವಿಯ ಮೇಲೆ ಬಟ್ಟೆ ಹೊದಿಸಿಯೇ ಇತ್ತು. ಮಗಳು ಕೋಣೆಯಿಂದ ಊಟಕ್ಕೆ ಮಾತ್ರ ಬರುವಳು. ಏನಾಯಿತೆಂದು ಸೊಸೆಗೆ ಇನ್‌ಸ್ಪೆಕ್ಟರೇ ಹೇಳಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಆಡಿದ್ದು ಒಳ್ಳೇದೇ ಆಯ್ತು ಬಿಡಿ ಮಾವ. ಎದೆ ಹಗುರ ಆಗುತ್ತೆ," ಎಂದಳು. ಆದರೆ ಯಾರ ಎದೆಯೂ ಹಗುರವಾದಂತೆ ಕಾಣಲಿಲ್ಲ.

"ಕೆಲಸ ಬಿಟ್ಟುಬಿಡಲಿ," ಎಂದ ಮಗ. "ಬೇಕರಿ ಕೌಂಟರಲ್ಲಿ ಕೂರಲಿ. ಬಿಸ್ಕತ್ತು ತಗೊಳೋರು ಯಾರೂ ಸಾಯಲ್ಲ."

ಕೋಣೆಯ ಒಳಗಿನಿಂದಲೇ ಉತ್ತರ ಬಂತು. "ಬಿಟ್ಟು? ಅಲ್ಲೂ ಫೋನ್ ಇರುತ್ತೆ ಅಣ್ಣ. ಇದು ಬಿಟ್ರೆ ನನಗೆ ಬೇರೆ ಏನೂ ಬರಲ್ಲ. ರಜೆ ಮುಗಿದ ಸೋಮವಾರ ಹೋಗ್ತೀನಿ."

"ನಿನ್ನ ಕೈಲಾಗುತ್ತಾ?"

"ಕೂತು ನೋಡಿದ್ರೆ ತಾನೇ ಗೊತ್ತಾಗೋದು."

ಆರನೆಯ ವಾರ ಸೊಸೆ ಯಾರನ್ನೂ ಕೇಳದೆ ಭಾನುವಾರದ ಮಧ್ಯಾಹ್ನದ ಆಟಕ್ಕೆ ನಾಲ್ಕು ಟಿಕೆಟ್ಟು ತಂದಳು. ಹೊಸ ಪ್ರೇಮದ ಸಿನಿಮಾ. "ಥಿಯೇಟರಲ್ಲಿ ಓಡಿಸೋಕಾಗಲ್ಲ. ಎಲ್ಲರ ಹಾಗೆ ಮೊದಲಿಂದ ನೋಡ್ಬೇಕು," ಎಂದಳು. ಮಗಳು ಬೇಡವೆನ್ನಲಿಲ್ಲ. ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಬಂದಳು. ನಾಲ್ವರೂ ಬಸ್ಸು ಹತ್ತಿ ಹೋದರು. ಕತ್ತಲಲ್ಲಿ ಇನ್‌ಸ್ಪೆಕ್ಟರ ಒಂದು ಕಡೆ ಮಗಳು, ಇನ್ನೊಂದು ಕಡೆ ಮಗ ಕೂತರು. ಸುತ್ತ ಜನ ನಗುತ್ತಿದ್ದರು. ಅವರೂ ನಕ್ಕರು. ನಕ್ಕು ಪಕ್ಕಕ್ಕೆ ನೋಡಿದರೆ, ಮಗಳು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಗೆ ಕೂತವಳಂತೆ ಪರದೆಯನ್ನು ನೋಡುತ್ತಿದ್ದಳು.

ಇಂಟರ್‌ವಲ್ಲಿನಲ್ಲಿ ಹೊರಗೆ ಹೋದವಳು ಬೆಲ್ಲು ಹೊಡೆದರೂ ಬರಲಿಲ್ಲ. ಇನ್‌ಸ್ಪೆಕ್ಟರು ಎದ್ದು ಹೋದರು. ಟೀ ಮಾರುವ ಕಟ್ಟೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದಳು.

"ಶುರುವಾಯ್ತಮ್ಮ."

"ಅಪ್ಪ, ನನಗೆ ಏನೂ ಅನ್ನಿಸ್ತಿಲ್ಲ. ಇಲ್ಲಿ ನಗಬೇಕು ಅಂತ ಗೊತ್ತಾಗುತ್ತೆ. ನಗು ಬರಲ್ಲ."

ಅವರು ಪಕ್ಕದಲ್ಲಿ ಕೂತರು. "ನನಗೆ ಬರ್ತಿದೆ," ಎಂದರು. "ಅದೇ ನನಗೆ ಸಂಕಟ. ನಿಮ್ಮಮ್ಮ ಇದ್ದಾಗ ಒಂದು ದಿನ ಕೂರಲಿಲ್ಲ ನಾನು."

"ಹಾಗಾದ್ರೆ ನೀವಾದ್ರೂ ನೋಡಿ."

"ನಿನ್ನ ಬಿಟ್ಟು ಹೋಗಲ್ಲ."

"ಹೋಗಿ ಅಪ್ಪ. ಎಲ್ಲೂ ಹೋಗಲ್ಲ ನಾನು, ಇಲ್ಲೇ ಇರ್ತೀನಿ. ನೋಡಿ ಬಂದು ಏನಾಯ್ತು ಅಂತ ಹೇಳಿ." ಅವರ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಒತ್ತಿದಳು. "ನನಗೆ ಬೇಕು ಅದು."

ಅವರು ಹೋಗಿ ಕೂತರು. ಸಿನಿಮಾ ಮುಗಿಯುವ ಹೊತ್ತಿಗೆ ಆ ಹುಡುಗ ಹುಡುಗಿ ಬೇರೆಯಾದರು. ಹುಡುಗಿ ಹಡಗಿನ ಮೇಲಿದ್ದಳು. ಹುಡುಗ ಬಂದದ್ದು ತಡವಾಯಿತು. ಅವಳು ಇವನಿದ್ದ ಕಡೆ ನೋಡಲೇ ಇಲ್ಲ. ದೀಪ ಹತ್ತಿದಾಗ ಸೊಸೆಯ ಕಣ್ಣು ಕೆಂಪಾಗಿತ್ತು. ಮಗ ಮೂಗು ಒರೆಸಿಕೊಳ್ಳುತ್ತ, "ದುಡ್ಡು ಕೊಟ್ಟು..." ಎಂದು ಶುರುಮಾಡಿ ಅಪ್ಪನ ಮುಖ ಕಂಡು ನಿಲ್ಲಿಸಿದ. ಇನ್‌ಸ್ಪೆಕ್ಟರು ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಬಂದರು.

ಮಗಳು ಎದ್ದು ನಿಂತಳು. "ಸೇರಿದ್ರಾ?"

"ಸೇರಿದರು," ಎಂದರು ಇನ್‌ಸ್ಪೆಕ್ಟರು.

ಹಿಂದಿನಿಂದ ಬಂದ ಸೊಸೆ ಒಂದು ಕ್ಷಣ ಮಾವನನ್ನು ನೋಡಿದಳು. ಮಗನೂ ನೋಡಿದ.

"ಎಲ್ಲಿ?" ಎಂದಳು ಮಗಳು.

"ಹಡಗಿನ ಹತ್ತಿರ. ಬಂದರಲ್ಲಿ."

"ಯಾರು ಮೊದಲು ನೋಡಿದ್ದು?"

ಇನ್‌ಸ್ಪೆಕ್ಟರ ನಾಲಿಗೆ ತಡವರಿಸಿತು. "ಹುಡುಗಿನೇ," ಎಂದಳು ಸೊಸೆ. "ಹಡಗು ಹೊರಡೋದ್ರಲ್ಲಿತ್ತು. ತಿರುಗಿ ನೋಡಿದ್ಲು."

"ಆಮೇಲೆ?"

"ಇಳಿದು ಬಂದ್ಲು," ಎಂದ ಮಗ. "ಸೂಟ್‌ಕೇಸ್ ಅಲ್ಲೇ ಬಿಟ್ಟು. ನಾನಾಗಿದ್ರೆ ತಗೊಂಡೇ ಬರ್ತಿದ್ದೆ."

ಬಸ್ ಸ್ಟಾಪಿನವರೆಗೂ ಅವಳು ಕೇಳುತ್ತಲೇ ನಡೆದಳು. ಅವನು ಏನಂದ, ಅವಳು ಅತ್ತಳಾ, ಮಳೆ ಬರುತ್ತಿತ್ತಾ, ಅವರಿಬ್ಬರೂ ಯಾರ ಮನೆಗೆ ಹೋದರು, ಮನೆಯಲ್ಲಿ ಯಾರ‍್ಯಾರಿದ್ದರು. ಮೂವರೂ ಒಬ್ಬರಾದ ಮೇಲೊಬ್ಬರು ಉತ್ತರ ಕೊಟ್ಟರು. ಮಳೆ ಬರುತ್ತಿತ್ತು ಎಂದು ಸೊಸೆಯೂ ಬಿಸಿಲಿತ್ತು ಎಂದು ಮಗನೂ ಒಟ್ಟಿಗೇ ಹೇಳಿ ಬಾಯಿ ಮುಚ್ಚಿದರು. ಅವಳು ಅದನ್ನು ಎತ್ತಿ ಆಡಲಿಲ್ಲ. ಹನ್ನೊಂದು ವರ್ಷ ಫೋನಿನಲ್ಲಿ ಮನುಷ್ಯರ ದನಿ ಕೇಳಿದ ಕಿವಿ ಅದು. ದನಿ ಎಲ್ಲಿ ನಡುಗುತ್ತದೆ, ಎಲ್ಲಿ ಏನನ್ನೋ ಬಿಟ್ಟು ಹೇಳುತ್ತದೆ ಎಂದು ತಿಳಿಯದ ಕಿವಿಯಲ್ಲ.

ಬಸ್ಸು ಬಂತು. ಇನ್‌ಸ್ಪೆಕ್ಟರಿಗೆ ಕಿಟಕಿಯ ಪಕ್ಕ ಜಾಗ ಬಿಟ್ಟು ಅವಳು ಈಚೆ ಕೂತಳು. ಎರಡು ಸ್ಟಾಪು ದಾಟಿದ ಮೇಲೆ, ಮುಂದಿನ ಸೀಟಿನ ಕಂಬಿಯನ್ನು ನೋಡುತ್ತ, "ಇನ್ನೊಂದು ಸಲ ಹೇಳಿ ಅಪ್ಪ," ಎಂದಳು. "ಅವಳು ತಿರುಗಿ ನೋಡಿದ್ಲಲ್ಲ, ಅಲ್ಲಿಂದ."